ಅಪ್ಪನ ಒಂದನೇ ತರಗತಿ

ಅರ್ಜಿ ಪರಿಶೀಲಕರು ತಮ್ಮ ನಲವತ್ತೊಂದನೆಯ ವಯಸ್ಸಿನಲ್ಲಿ, ಜಾರಿಯಲ್ಲಿರುವ ಎಲ್ಲ ನಿಯಮಗಳಿಗೂ ಬದ್ಧರಾಗಿ, ಒಂದನೇ ತರಗತಿಗೆ ಸೇರಿದರು. ಅವರಿಗೆ ಕಲಿಸಲು ಇಬ್ಬರು ನೇಮಕವಾದರು. ಒಬ್ಬರು ಅವರ ಏಳು ವರ್ಷದ ಮಗಳು, ಇನ್ನೊಬ್ಬರು ಐದು ವರ್ಷದ ಮಗ. ಇದರಲ್ಲಿ ಅಸಹಜವಾದುದು ಏನೂ ಇಲ್ಲ. ಆದರೂ ಓದುವವರಿಗೆ ಎಲ್ಲಿಯೂ ಗೊಂದಲವಾಗಬಾರದು ಎಂಬ ಕಾರಣಕ್ಕೆ ನಡೆದದ್ದನ್ನು ಮೊದಲಿನಿಂದ ಹೇಳುವುದು ಒಳ್ಳೆಯದು.

ಪರಿಶೀಲಕರು ನೀರಿನ ಕಚೇರಿಯಲ್ಲಿದ್ದರು. ನೀರಿನ ಕಚೇರಿ ಎಂದರೆ, ಮನೆಗೆ ನಲ್ಲಿ ಬೇಕಾದವರು ಅರ್ಜಿ ಕೊಡುವ ಜಾಗ. ಆ ಅರ್ಜಿಗಳಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವುದು ಅವರ ಕೆಲಸ. ತಪ್ಪಿಲ್ಲದ ಅರ್ಜಿಯನ್ನು ಮುಂದಕ್ಕೆ ಕಳಿಸುವುದೂ ಅವರದೇ ಕೆಲಸವಾಗಿತ್ತು, ಆದರೆ ಹದಿನೆಂಟು ವರ್ಷಗಳಲ್ಲಿ ಅಂಥ ಸಂದರ್ಭ ಹೆಚ್ಚು ಬಂದಿರಲಿಲ್ಲ. 'ಮೊಹರು ಬಿದ್ದ ನಮೂನೆಯನ್ನು ಯಾವ ಕಾರಣಕ್ಕೂ ತಿದ್ದತಕ್ಕದ್ದಲ್ಲ' ಎಂಬ ನಿಯಮವನ್ನು ಬರೆದವರೂ ಅವರೇ. ಆ ವಾಕ್ಯವನ್ನು ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಲಾಗಿತ್ತು. ಮಳೆಗಾಲದಲ್ಲಿ ಅದರ ಹಿಂದೆ ಹಲ್ಲಿ ಮೊಟ್ಟೆ ಇಡುತ್ತಿತ್ತು.

ಅವರ ಹೆಂಡತಿ ಗಡಿಯಾರ ರಿಪೇರಿ ಮಾಡುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಯಾವಾಗಲೂ ಮೂವತ್ತೊಂದೋ ಮೂವತ್ತೆರಡೋ ಗಡಿಯಾರಗಳಿರುತ್ತಿದ್ದವು. ಕೆಟ್ಟಿದ್ದರಿಂದಲೇ ರಿಪೇರಿಗೆ ಬಂದಿರುವ ಕಾರಣ ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಹೀಗಾಗಿ ಆ ಮನೆಯಲ್ಲಿ ಬೆಳಗಿನ ಆರು ಗಂಟೆ ಎಂಬುದು ಐದೂಹತ್ತಕ್ಕೆ ಶುರುವಾಗಿ ಏಳೂಮುಕ್ಕಾಲಿನವರೆಗೂ ಆಗುತ್ತಲೇ ಇರುತ್ತಿತ್ತು.

ದೊಡ್ಡವಳಿಗೆ ಹೊಟ್ಟೆನೋವು. ಶಾಲೆ ಇರುವ ದಿನ ಬೆಳಿಗ್ಗೆ ಏಳೂಹತ್ತಕ್ಕೆ ಬರುತ್ತಿತ್ತು, ಎಂಟಕ್ಕೆ ಶಾಲೆಯ ಗಂಟೆ ಹೊಡೆಯುವಾಗ ಬೆವರು ಬರುವಷ್ಟಾಗುತ್ತಿತ್ತು. ರಜೆಯ ದಿನ ಹುಡುಕಿದರೂ ಸಿಗುತ್ತಿರಲಿಲ್ಲ. ಡಾಕ್ಟರು ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿ, "ಹೊಟ್ಟೇಲಿ ಏನೂ ಇಲ್ಲ. ಶಾಲೇಲಿ ಏನಿದೆ ನೋಡಿ" ಎಂದರು. ಶಾಲೆಯಲ್ಲಿ ಒಂದು ಕೋಣೆಗೆ ಎಪ್ಪತ್ತು ಮಕ್ಕಳೂ ಒಂದು ಬೆತ್ತವೂ ಇದ್ದವು. ಬೆತ್ತವನ್ನು ಬಳಸುವುದಿಲ್ಲ, ಸುಮ್ಮನೆ ಮೇಜಿನ ಮೇಲೆ ಇಟ್ಟಿರುತ್ತೇವೆ ಎಂದು ಶಾಲೆಯವರು ಹೇಳಿದರು. ಗಂಡಹೆಂಡತಿ ಮಾತಾಡಿಕೊಂಡು ಮಕ್ಕಳಿಬ್ಬರಿಗೂ ಮನೆಯಲ್ಲೇ ಕಲಿಸುವುದೆಂದು ತೀರ್ಮಾನಿಸಿದರು. ಮರುದಿನ ಏಳೂಹತ್ತಕ್ಕೆ ದೊಡ್ಡವಳು ಎರಡು ಲೋಟ ಹಾಲು ಕುಡಿದಳು.

ಮನೆಯಲ್ಲಿ ಕಲಿಸಬೇಕಾದರೆ ಗೃಹಶಿಕ್ಷಣ ವಿಭಾಗದ ಅನುಮತಿ ಬೇಕು. ಅನುಮತಿಗೆ ನಮೂನೆ ಏಳು ತುಂಬಬೇಕು. ಎಳೆಯ ಮಕ್ಕಳಿಗೆ ಪಾಠಕ್ಕಿಂತ ದಿನಚರಿ ಮುಖ್ಯ, ಅಭ್ಯಾಸ ಕುದುರಿದರೆ ಅಕ್ಷರ ತಾನಾಗಿ ಬರುತ್ತದೆ ಎಂಬುದು ವಿಭಾಗದ ನಂಬಿಕೆ. ಆದ್ದರಿಂದ ಮೊದಲ ವರ್ಷ ಹನ್ನೆರಡು ಅಭ್ಯಾಸಗಳನ್ನು ಮಾತ್ರ ಕಲಿಸಬೇಕಿತ್ತು. ಬೆಳಿಗ್ಗೆ ಆರಕ್ಕೆ ಒಂದೇ ಕೂಗಿಗೆ ಏಳುವುದು, ಹಾಸಿಗೆ ಮಡಿಸುವುದು, ಎರಡು ನಿಮಿಷ ಹಲ್ಲುಜ್ಜುವುದು, ಚಪ್ಪಲಿ ಜೋಡಿಸಿಡುವುದು, ತರಕಾರಿ ಆರಿಸಿ ಬದಿಗಿಡದಿರುವುದು, ಹೀಗೆ.

ನಮೂನೆಯಲ್ಲಿ ಎರಡು ಚೌಕಗಳಿದ್ದವು. ಮೇಲಿನದು ವಿದ್ಯಾರ್ಥಿಗೆ, ಕೆಳಗಿನದು ಕಲಿಸುವವರಿಗೆ. ಹದಿನೆಂಟು ವರ್ಷ ಪರಿಶೀಲಕರು ನೋಡಿದ ಪ್ರತಿಯೊಂದು ನಮೂನೆಯಲ್ಲೂ ಮೇಲಿನ ಚೌಕ ಅರ್ಜಿದಾರನದು, ಕೆಳಗಿನದು ಮನೆಯ ಉಳಿದವರದು. ಕೈಗೆ ಅದು ರೂಢಿಯಾಗಿಬಿಟ್ಟಿತ್ತು. ಅವರು ಮೇಲಿನ ಚೌಕದಲ್ಲಿ ತಮ್ಮ ಹೆಸರು, ವಯಸ್ಸು ಬರೆದು ಫೋಟೋ ಅಂಟಿಸಿದರು. ಕೆಳಗಿನದರಲ್ಲಿ ಮಕ್ಕಳಿಬ್ಬರ ಹೆಸರು ಬರೆದರು. ಊರ ಅರ್ಜಿಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡುವ ಮನುಷ್ಯ ತಮ್ಮದನ್ನು ಓದಲಿಲ್ಲ. ಓದುವುದಕ್ಕೇನಿದೆ, ತಾವೇ ಬರೆದದ್ದಲ್ಲವೆ.

ಹನ್ನೊಂದನೇ ದಿನ ಅನುಮತಿಪತ್ರ ಬಂತು. ಅದರಲ್ಲಿ ಹೀಗಿತ್ತು:

'ಮೇಲ್ಕಂಡ ವಿದ್ಯಾರ್ಥಿಯನ್ನು (ವಯಸ್ಸು ೪೧) ಒಂದನೇ ತರಗತಿಗೆ ಸೇರಿಸಿಕೊಳ್ಳಲಾಗಿದೆ. ಕಲಿಸುವವರ (ವಯಸ್ಸು ೭ ಮತ್ತು ೫) ಅರ್ಹತೆಯನ್ನು ಪರಿಶೀಲಿಸಲಾಗಿ, ಅವರು ಅದೇ ಮನೆಯ ವಾಸಿಗಳೆಂದು ಕಂಡುಬಂದಿರುವುದರಿಂದ ಒಪ್ಪಲಾಗಿದೆ. ಕಲಿಸುವ ಕಾರ್ಯದಲ್ಲಿರುವವರು ಆ ಅವಧಿಯಲ್ಲಿ ಬೇರೆ ಶಾಲೆಗೆ ಹೋಗತಕ್ಕದ್ದಲ್ಲ. ಅನುಮತಿ ಯಾವುದೇ ಕಾರಣದಿಂದ ಕೊನೆಗೊಂಡಲ್ಲಿ, ಕಲಿಸುವವರಿಗೆ ಶಾಲೆಗೆ ಹೋಗುವ ವಯಸ್ಸಾಗಿದ್ದರೆ, ಮೂರು ದಿನದೊಳಗೆ ಹತ್ತಿರದ ಶಾಲೆಗೆ ಹಾಜರಾಗತಕ್ಕದ್ದು.'

ಹೆಂಡತಿ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆಯದೆಯೇ ಪತ್ರವನ್ನು ಓದಿದಳು. ಮಸೂರವೆಂದರೆ ಗಡಿಯಾರದವರು ಚಿಕ್ಕ ಹಲ್ಲುಚಕ್ರಗಳನ್ನು ನೋಡಲು ಹಾಕಿಕೊಳ್ಳುವ ಗಾಜು. ಅದರಲ್ಲಿ ತಪ್ಪು ಸಾಮಾನ್ಯಕ್ಕಿಂತ ಹತ್ತು ಪಟ್ಟು ದೊಡ್ಡದಾಗಿ ಕಂಡಿರಬೇಕು.

"ರೀ, ನಿಮ್ಮನ್ನ ಒಂದನೇ ಕ್ಲಾಸಿಗೆ ಹಾಕಿದಾರೆ" ಎಂದಳು.

"ಬರವಣಿಗೆ ತಪ್ಪಿರಬೇಕು."

"ಬರವಣಿಗೆ ನಿಮ್ಮದೇ. ಫೋಟೋನೂ ನಿಮ್ಮದೇ. ಚೆನ್ನಾಗಿ ಬಂದಿದೆ, ಅದೊಂದು ಹೇಳ್ಬೇಕು."

ಮರುದಿನವೇ ಪರಿಶೀಲಕರು ಗೃಹಶಿಕ್ಷಣ ವಿಭಾಗದ ಕಿಟಕಿಯ ಮುಂದೆ ನಿಂತರು. ಒಳಗಿದ್ದ ಗುಮಾಸ್ತರು ನಮೂನೆಯನ್ನು ಹೊರಗೆ ತೆಗೆದು, ಮೊಹರಿನ ಮೇಲೆ ಬೆರಳಿಟ್ಟು ತೋರಿಸಿದರು.

"ಮೊಹರು ಬಿದ್ದೋಯ್ತಲ್ಲ ಸಾರ್. ಮೊಹರು ಬಿದ್ದ ನಮೂನೆಯನ್ನ ಯಾವ ಕಾರಣಕ್ಕೂ ತಿದ್ದೋ ಹಾಗಿಲ್ಲ."

"ಇದು ಯಾವ ನಿಯಮ?"

"ನೀರಿನ ಕಚೇರೀದು. ಅಲ್ಲಿ ಯಾರೋ ಮಹಾನುಭಾವರು ಬರೆದಿದಾರೆ. ಬಹಳ ಅನುಕೂಲವಾಗಿದೆ ಅಂತ ನಮ್ಮ ಸಾಹೇಬ್ರೂ ತರಿಸ್ಕೊಂಡ್ರು."

ತಾನು ತೋಡಿದ ಗುಂಡಿಗೆ ತಾನೇ ಬಿದ್ದವನಿಗೆ ಗುಂಡಿ ಎಷ್ಟು ಅಚ್ಚುಕಟ್ಟಾಗಿದೆ ಎಂದು ಕಾಣುವುದು ಒಳಗಿನಿಂದಲೇ. ಪರಿಶೀಲಕರು, ತಿದ್ದುವುದಕ್ಕೆ ಬೇರೆ ದಾರಿ ಏನಾದರೂ ಇದೆಯೇ ಎಂದು ಕೇಳಿದರು.

"ವಿದ್ಯಾರ್ಥಿಯ ಪರವಾಗಿ ದೊಡ್ಡೋರು ಯಾರಾದ್ರೂ ಅರ್ಜಿ ಕೊಡ್ಬಹುದು. ನೀವು ಕೊಡೋ ಹಾಗಿಲ್ಲ, ನೀವು ವಿದ್ಯಾರ್ಥಿ. ಟೀಚರ್ ಸಹಿ ಇದ್ರೂ ನಡೆಯುತ್ತೆ. ಆದ್ರೆ ಅರ್ಜಿ ವಿಚಾರಣೆ ಆಗೋವರೆಗೂ ಅನುಮತಿ ತಡೆಹಿಡೀತೀವಿ. ಹದಿನಾಲ್ಕು ತಿಂಗಳಾಗುತ್ತೆ. ಅಲ್ಲೀವರೆಗೆ ಮಕ್ಕಳು ಶಾಲೆಗೆ ಹೋಗ್ಬೇಕಾಗುತ್ತೆ."

"ಮಕ್ಕಳು ಅಂದ್ರೆ?"

"ಟೀಚರುಗಳು" ಎಂದರು ಗುಮಾಸ್ತರು, ಗೌರವದಿಂದ.

ಪರಿಶೀಲಕರು ಮನೆಗೆ ಬಂದು ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿದರು. ದೊಡ್ಡವಳು ಅಭ್ಯಾಸ ಪುಸ್ತಕವನ್ನು ತೆರೆದು, 'ಕಾಲು ತೊಳೆಯದೆ ಮಲಗಿದ' ಎಂದು ಬರೆದಳು. ಅಭ್ಯಾಸ ಪುಸ್ತಕವೆಂದರೆ ವಿಭಾಗದವರು ಅನುಮತಿಪತ್ರದ ಜೊತೆಗೆ ಕಳಿಸಿದ್ದ ನೀಲಿ ರಟ್ಟಿನ ದಪ್ಪ ಪುಸ್ತಕ. ಅದರಲ್ಲಿ ಕಲಿಸುವವರು ದಿನವೂ ವಿದ್ಯಾರ್ಥಿಯ ನಡವಳಿಕೆ ಬರೆಯಬೇಕು.

ಹೀಗೆ ತರಗತಿ ಆರಂಭವಾಯಿತು.

ಮೊದಲನೆಯ ತೊಂದರೆ ಆರು ಗಂಟೆಯದು. ಯಾವ ಗಡಿಯಾರದ ಆರು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಯೇ ಎತ್ತಿದರು. ನಿಯಮದಲ್ಲಿ ಹೇಳಿಲ್ಲವಾದ್ದರಿಂದ ಮುಂದಿನ ಕೋಣೆಯ ಬಲಮೂಲೆಯ ಗಡಿಯಾರವನ್ನು ಅನುಸರಿಸುವುದಾಗಿ ಅವರು ತಿಳಿಸಿದರು. ಅದು ಒಂದೂಮುಕ್ಕಾಲು ಗಂಟೆ ನಿಧಾನವಾಗಿತ್ತು. ದೊಡ್ಡವಳು ಒಪ್ಪಿದಳು. ಮರುದಿನ ಅವರನ್ನು ಎಬ್ಬಿಸಿದಾಗ ಆ ಗಡಿಯಾರದಲ್ಲಿ ಸರಿಯಾಗಿ ಆರಾಗಿತ್ತು, ಹೊರಗೆ ಹಾಲಿನವನೂ ಬಂದಿರಲಿಲ್ಲ. ಅಮ್ಮನನ್ನು ಕೇಳಿ ರಾತ್ರಿಯೇ ಅದನ್ನು ಸರಿಮಾಡಿಸಿದ್ದಳು.

"ಇದು ರಿಪೇರಿಗೆ ಬಂದಿರೋ ಬೇರೆಯವರ ಗಡಿಯಾರ. ಮುಟ್ಟೋ ಹಾಗಿಲ್ಲ" ಎಂದರು ಪರಿಶೀಲಕರು, ಹೊದಿಕೆಯ ಒಳಗಿನಿಂದ.

"ರಿಪೇರಿಗೆ ಬಂದಿರೋದನ್ನ ರಿಪೇರಿ ಮಾಡ್ದೆ ಇನ್ನೇನು ಮಾಡ್ಲಿ?" ಎಂದಳು ಹೆಂಡತಿ.

ದೊಡ್ಡವಳು ಬರೆದಳು: 'ಎಬ್ಬಿಸಿದಾಗ ಎದ್ದ. ಮತ್ತೆ ಮಲಗಿದ. ಇನ್ನೊಂದು ಸಲ ಎಬ್ಬಿಸಿದೆ. ಇನ್ನೊಂದು ಸಲ ಮಲಗಿದ.' ಶಾಲೆಯಲ್ಲಿ ಎರಡು ವರ್ಷ ಒದ್ದಾಡಿದರೂ 'ಎಬ್ಬಿಸು' ಎಂದು ಬರೆಯಲು ಬಾರದಿದ್ದ ಹುಡುಗಿ ಒಂದೇ ವಾರದಲ್ಲಿ ಬರೆಯಲು ಕಲಿತಳು. ವಿದ್ಯಾರ್ಥಿ ತಪ್ಪಿಸಿದ ಅಭ್ಯಾಸಗಳನ್ನು ಹನ್ನೆರಡರಿಂದ ಕಳೆದು ಕಳೆದು ಚಿಕ್ಕವನಿಗೆ ಕಳೆಯುವ ಲೆಕ್ಕ ಬಂದುಬಿಟ್ಟಿತು. ಆದರೆ ಕಲಿಸುವವರು ಏನಾದರೂ ಕಲಿತರೆ ಅದನ್ನು ಬರೆಯಲು ಪುಸ್ತಕದಲ್ಲಿ ಜಾಗವಿಲ್ಲದ ಕಾರಣ, ಅದು ಆಗಿಲ್ಲವೆಂದೇ ಭಾವಿಸತಕ್ಕದ್ದು.

ಎರಡನೆಯ ತೊಂದರೆ ಊಟದ ಹೊತ್ತಿನದು. ಊಟ ಮಾಡುವಾಗ ಫೋನ್ ನೋಡಬಾರದು ಎಂಬುದು ಏಳನೆಯ ಅಭ್ಯಾಸ. ಇದರ ಜವಾಬ್ದಾರಿ ಚಿಕ್ಕವನದು. ಐದು ವರ್ಷದವನಾದ್ದರಿಂದ ಅವನ ಕಣ್ಣುಗಳು ಮೇಜಿನ ಎತ್ತರಕ್ಕೇ ಇದ್ದವು. ತೊಡೆಯ ಮೇಲೆ ಇಟ್ಟುಕೊಂಡದ್ದೆಲ್ಲ ಅವನಿಗೆ ಕಾಣುತ್ತಿತ್ತು.

"ಅಪ್ಪಾ, ಫೋನು."

"ಆಫೀಸಿನ ಕೆಲಸ ಕಣೋ."

ಚಿಕ್ಕವನು ಬಗ್ಗಿ ಇನ್ನಷ್ಟು ಹತ್ತಿರದಿಂದ ನೋಡಿದ. "ಆಫೀಸಲ್ಲಿ ಬೆಕ್ಕು ಯಾಕೆ ಬಿದ್ದೋಗ್ತಾ ಇದೆ?"

ಚಿಕ್ಕವನು ಫೋನನ್ನು ತೆಗೆದುಕೊಂಡು ಹೋಗಿ ಹಳೆಯ ಗೋಡೆ ಗಡಿಯಾರವೊಂದರ ಹೊಟ್ಟೆಯಲ್ಲಿಟ್ಟು ಬಾಗಿಲು ಹಾಕಿದ. ಆಮೇಲೆ ಆ ಗಡಿಯಾರ ಗಂಟೆಗೊಮ್ಮೆ ಬಾರಿಸುವುದರ ಜೊತೆಗೆ ನಡುನಡುವೆ ಹಾಡುತ್ತಲೂ ಇತ್ತು.

ನಾಲ್ಕು ವಾರ ಕಳೆದರೂ ವಿದ್ಯಾರ್ಥಿಯ ಸಾಧನೆ ದಿನಕ್ಕೆ ಐದು ಅಭ್ಯಾಸ ದಾಟಲಿಲ್ಲ. ಅದರಲ್ಲೂ ಒಂದು 'ಲೋಟದಲ್ಲಿದ್ದುದನ್ನು ಪೂರ್ತಿ ಕುಡಿಯುವುದು', ಅದನ್ನು ಅವರು ಟೀಯಿಂದ ಗಳಿಸುತ್ತಿದ್ದರು. ಅವರಿಗೆ ಇದೆಲ್ಲ ಒಂದು ತಮಾಷೆಯಾಗಿತ್ತು. ಕಚೇರಿಯಲ್ಲಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡು ಬೆಳಗಿನ ಹೊತ್ತು ಮನೆಯಲ್ಲಿರುತ್ತಿದ್ದರು. ಮಕ್ಕಳಿಗೆ ಕಲಿಸಬೇಕೆಂದು ಮಾಡಿಕೊಂಡಿದ್ದ ಏರ್ಪಾಡು ಅದು, ಈಗ ಕಲಿಯಲು ಉಪಯೋಗಕ್ಕೆ ಬಂತು. ಸಹೋದ್ಯೋಗಿಗಳಿಗೆ ಹೇಳಿ ನಗುತ್ತಿದ್ದರು. ಸಹೋದ್ಯೋಗಿಗಳು ಯಾಕೋ ನಗುತ್ತಿರಲಿಲ್ಲ, ಯಾವ ಸೆಕ್ಷನ್ ಎಂದು ಕೇಳುತ್ತಿದ್ದರು.

ಒಂದು ಶನಿವಾರ ಅವರು ಕಚೇರಿಗೆ ಹೊರಟಾಗ ದೊಡ್ಡವಳು ಮೆಟ್ಟಿಲ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದಳು. ಕೈಯಲ್ಲಿ ನೀಲಿ ಪುಸ್ತಕ.

"ಏನಾಯ್ತು?"

"ಹೊಟ್ಟೆ ನೋಯ್ತಿದೆ."

ಪರಿಶೀಲಕರು ಪಕ್ಕದಲ್ಲಿ ಕೂತರು. "ಯಾಕೆ? ಶಾಲೆ ಇಲ್ಲವಲ್ಲ ಈಗ?"

"ನೀನು ಐದೇ ಮಾಡ್ತೀಯ." ಅವಳು ಪುಟಗಳನ್ನು ತಿರುವಿ ತೋರಿಸಿದಳು. "ಐದು, ಐದು, ನಾಲ್ಕು, ಐದು. ಆರು ಆಗ್ಲೇಬೇಕು ಅಂತ ಪುಸ್ತಕದಲ್ಲಿ ಬರೆದಿದೆ. ನೀನು ಫೇಲಾದ್ರೆ ಅನುಮತಿ ಹೋಗುತ್ತೆ. ಆಮೇಲೆ ಮೂರು ದಿನ. ಆಮೇಲೆ ನಾನು ಹೋಗ್ಬೇಕು."

"ನೀನಿದನ್ನ ಯಾವಾಗ ಓದ್ದೆ?"

"ದಿನಾ ಓದ್ತೀನಿ."

ಪರಿಶೀಲಕರು ಎದ್ದು ಒಳಗೆ ಹೋಗಿ, ತಾವು ಬೆಳಿಗ್ಗೆ ಮಡಿಸದೆ ಬಿಟ್ಟಿದ್ದ ಹಾಸಿಗೆಯನ್ನು ಮಡಿಸಿದರು. ಹೊರಗೆ ಬಂದು, "ಈಗ ಆರು" ಎಂದರು. ದೊಡ್ಡವಳು ಒಳಗೆ ಹೋಗಿ ನೋಡಿ ಬಂದು, "ಮೂಲೆ ಸರಿಯಾಗಿಲ್ಲ" ಎಂದಳು. ಅವರು ಮತ್ತೆ ಹೋಗಿ ಮೂಲೆ ಸರಿಮಾಡಿದರು. ಅಂದು ಕಚೇರಿಗೆ ಇಪ್ಪತ್ತು ನಿಮಿಷ ತಡವಾಯಿತು. ಕಾರಣ ಕೇಳಿದಾಗ ನಿಜವನ್ನೇ ಬರೆದುಕೊಟ್ಟರು.

ಅಲ್ಲಿಂದ ಮುಂದೆ ಅವರು ಮನಸ್ಸಿಟ್ಟು ಕಲಿಯತೊಡಗಿದರು. ನಲವತ್ತೊಂದು ವರ್ಷದ ಮನುಷ್ಯ ಅಭ್ಯಾಸ ಕಲಿಯುವುದು ನಾಯಿಬಾಲಕ್ಕೆ ಕೋಲು ಕಟ್ಟಿದ ಹಾಗೆ ಎಂದು ಅವರಿಗೆ ಗೊತ್ತಿತ್ತು. ತಮ್ಮ ಬಾಲ ಎಷ್ಟು ಡೊಂಕೆಂಬುದೂ ಮೊದಲ ಬಾರಿಗೆ ಗೊತ್ತಾಯಿತು. ಮೂರು ದಿನ ಹಲ್ಲುಜ್ಜುವಾಗ ಎಣಿಸಿದ ಮೇಲೆ, ಇಷ್ಟು ವರ್ಷ ತಾವು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಉಜ್ಜಿಯೇ ಇಲ್ಲವೆಂಬುದು ತಿಳಿಯಿತು. ಮಕ್ಕಳಿಗೆ ದಿನಕ್ಕೆ ಹತ್ತು ಸಲ 'ತರಕಾರಿ ತಿನ್ನಿ' ಎನ್ನುತ್ತಿದ್ದವರು ತಾವು ಬೀನ್ಸನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದರೆಂಬುದು ಕೂಡ ಪುಸ್ತಕದಲ್ಲಿ ಚಿತ್ರಸಮೇತ ದಾಖಲಾಗಿತ್ತು. ಚಿತ್ರ ಚಿಕ್ಕವನದು. ಬೀನ್ಸಿಗಿಂತ ಅಪ್ಪನ ಮೂಗು ದೊಡ್ಡದಿತ್ತು.

ದೊಡ್ಡವಳ ಕಲಿಸುವ ರೀತಿ ಸರಳವಾಗಿತ್ತು. ಬೈಯುತ್ತಿರಲಿಲ್ಲ, ಬೆತ್ತ ಇರಲಿಲ್ಲ. ಒಂದು ಅಭ್ಯಾಸದ ಬಾಲಕ್ಕೆ ಇನ್ನೊಂದನ್ನು ಗಂಟುಹಾಕುತ್ತಿದ್ದಳು. ಚಪ್ಪಲಿ ಬಿಟ್ಟರೆ ಜೋಡಿಸಬೇಕು, ಜೋಡಿಸಿದರೆ ಕೈ ತೊಳೆಯಬೇಕು, ಕೈ ತೊಳೆದರೆ ಚೀಲ ಮೊಳೆಗೆ ಹಾಕಬೇಕು. ತಪ್ಪಿದರೆ ಮತ್ತೆ ಬಾಗಿಲ ಹೊರಗಿನಿಂದ ಶುರು. ಒಂದು ಸಂಜೆ ಪರಿಶೀಲಕರು ಒಂಬತ್ತು ಸಲ ಮನೆಗೆ ಬಂದರು. ಎದುರುಮನೆಯವರು, ಏನಾದರೂ ಕಳೆದುಹೋಗಿದೆಯೇ ಎಂದು ಕೇಳಿದರು.

"ಇಲ್ಲ, ಕಲೀತಿದೀನಿ" ಎಂದರು ಪರಿಶೀಲಕರು.

"ಒಂದನೇ ಕ್ಲಾಸಾ?" ಎಂದು ಎದುರುಮನೆಯವರು ಸಹಾನುಭೂತಿಯಿಂದ ಕೇಳಿದರು. "ಚಪ್ಪಲಿ ವಿಷಯ ಸ್ವಲ್ಪ ಕಷ್ಟ. ನಮ್ಮನೇಲೂ ಹಾಗೇ ಆಗಿತ್ತು."

ಹತ್ತನೇ ತಿಂಗಳ ಹೊತ್ತಿಗೆ ವಿದ್ಯಾರ್ಥಿಯ ಸಾಧನೆ ಹನ್ನೆರಡಕ್ಕೆ ಹನ್ನೊಂದು, ಕೆಲವು ದಿನ ಹನ್ನೆರಡು. ದೊಡ್ಡವಳ ಹೊಟ್ಟೆನೋವು ಮತ್ತೆ ಬರಲಿಲ್ಲ. ವಾರ್ಷಿಕ ತಪಾಸಣೆಯ ನೋಟೀಸು ಬಂತು. ತಪಾಸಣೆಯ ದಿನ ರಜೆ ಬೇಕಲ್ಲ, ಅದಕ್ಕೆ ಪರಿಶೀಲಕರು ಕಚೇರಿಗೆ ಚೀಟಿ ಒಯ್ದರು. ಅದರಲ್ಲಿ ಗುಂಡಗಿನ ಅಕ್ಷರಗಳಲ್ಲಿ, 'ನನ್ನ ವಿದ್ಯಾರ್ಥಿಗೆ ಗುರುವಾರ ಪರೀಕ್ಷೆ ಇದೆ. ಅವನು ಬರುವುದಿಲ್ಲ' ಎಂದಿತ್ತು. ಮೇಲಧಿಕಾರಿ ಚೀಟಿಯನ್ನು ಹಿಂದೆ ಮುಂದೆ ನೋಡಿದರು.

"ಟೀಚರ್ ಸಹಿ ಸರಿಯಾಗಿದೆ. ಕೆಳಗೆ ತಾರೀಕು ಹಾಕಿಸ್ಕೊಂಡು ಬನ್ನಿ" ಎಂದರು. ತಾರೀಕು ಹಾಕಿಸಿಕೊಂಡು ಬಂದ ಮೇಲೆ ರಜೆ ಮಂಜೂರಾಯಿತು.

ತಪಾಸಣೆಗೆ ಎರಡು ದಿನ ಇರುವಾಗ ಹೆಂಡತಿ ಯಾರದೋ ಕೈಗಡಿಯಾರದ ಸಣ್ಣ ಸಣ್ಣ ಭಾಗಗಳನ್ನು ಹರವಿಕೊಳ್ಳಲು ಒಂದು ಕಾಗದ ಹುಡುಕುತ್ತಿದ್ದಳು. ಕೈಗೆ ಸಿಕ್ಕಿದ್ದು ಅನುಮತಿಪತ್ರ. ಮಗುಚಿ ಹಾಸಿದಳು. ಮಸೂರದ ಕಣ್ಣಿಗೆ ಹಿಂಭಾಗದ ಸಣ್ಣಕ್ಷರ ಕಂಡಿತು.

"ರೀ, ಸ್ವಲ್ಪ ಬನ್ನಿ ಇಲ್ಲಿ. ಮಕ್ಕಳು ಬೇಡ, ನೀವೊಬ್ರೇ."

ಹಿಂಭಾಗದಲ್ಲಿ ಹೀಗಿತ್ತು: 'ಆರಕ್ಕಿಂತ ಕಡಿಮೆ ಅಭ್ಯಾಸ ಬಂದಿದ್ದಲ್ಲಿ ಅನುಮತಿ ರದ್ದು. ಹನ್ನೆರಡೂ ಬಂದಿದ್ದಲ್ಲಿ ಕಲಿಕೆ ಪೂರ್ಣಗೊಂಡಿತೆಂದು ತಿಳಿದು ಅನುಮತಿಯನ್ನು ಮುಕ್ತಾಯಗೊಳಿಸಲಾಗುವುದು. ಆರರಿಂದ ಹನ್ನೊಂದರವರೆಗೆ ಬಂದಿದ್ದಲ್ಲಿ ವಿದ್ಯಾರ್ಥಿಯನ್ನು ಅದೇ ತರಗತಿಯಲ್ಲಿ ಉಳಿಸಿ, ಅನುಮತಿಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಲಾಗುವುದು.'

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರಿಶೀಲಕರು ತೀರಾ ದಡ್ಡರಾದರೆ ಮಗಳು ಶಾಲೆಗೆ ಹೋಗಬೇಕು. ತೀರಾ ಜಾಣರಾದರೂ ಮಗಳು ಶಾಲೆಗೆ ಹೋಗಬೇಕು. ಅವರು ನಡುವೆ ಎಲ್ಲಾದರೂ ನಿಂತರೆ ಮಾತ್ರ ಅವಳು ಮನೆಯಲ್ಲಿ ಉಳಿಯುತ್ತಾಳೆ. ಹಾಳೆ ಮಗುಚಿ ನೋಡದ ಅರ್ಜಿದಾರರನ್ನು ಹದಿನೆಂಟು ವರ್ಷ ಬೈದ ಪರಿಶೀಲಕರು ತಮ್ಮ ಹಾಳೆಯನ್ನು ಮಗುಚಿರಲಿಲ್ಲ.

"ಒಂದು ತಪ್ಪು ಮಾಡಿ ಸಾಕು" ಎಂದಳು ಹೆಂಡತಿ. "ಒಂದೇ ಒಂದು. ಚಪ್ಪಲಿ ಎಲ್ಲಾದ್ರೂ ಬಿಡಿ. ಹದಿನಾರು ವರ್ಷ ಸಂಸಾರ ಮಾಡಿದೀನಿ, ನಿಮ್ಮ ಕೈಲಾಗುತ್ತೆ."

"ದೊಡ್ಡವಳಿಗೆ ಹೇಳೋಣ್ವಾ?"

"ಬೇಡ. ಅವಳು ಟೀಚರು. ಗೊತ್ತಿದ್ದೂ ತಪ್ಪು ಮಾಡ್ಸೋಕೆ ಅವಳ ಕೈಲಾಗಲ್ಲ. ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡು ಕೂತಿರ್ತಾಳೆ."

ಗುರುವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ತಪಾಸಣಾಧಿಕಾರಿ ಬಂದರು. ದಪ್ಪ ಕನ್ನಡಕದ, ಮೆಲುದನಿಯ ಹೆಂಗಸು. ಬಗಲಲ್ಲಿ ಪ್ಲಾಸ್ಟಿಕ್ ಫೈಲು. ಮಧ್ಯಾಹ್ನದ ಊಟದವರೆಗೆ ಇದ್ದು ಕಣ್ಣಾರೆ ನೋಡುವುದಾಗಿಯೂ, ಸಂಜೆ ಮತ್ತು ರಾತ್ರಿಯ ಅಭ್ಯಾಸಗಳನ್ನು ಪುಸ್ತಕ ನೋಡಿ ನಂಬುವುದಾಗಿಯೂ ತಿಳಿಸಿದರು. ದೊಡ್ಡವಳು ಎರಡು ಜಡೆ ಹಾಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ವಿದ್ಯಾರ್ಥಿಯ ವಯಸ್ಸಿನ ಬಗ್ಗೆ ಹೆಂಡತಿ ಏನೋ ಸಮಜಾಯಿಷಿ ಹೇಳಲು ಹೋದಳು. ಅಧಿಕಾರಿ ಕೈಯೆತ್ತಿ ತಡೆದರು.

"ಅಯ್ಯೋ, ಅದೇನೂ ಇಲ್ಲ ಬಿಡಿ. ನನ್ನ ಕೈಕೆಳಗೆ ಎಂಬತ್ನಾಲ್ಕು ಮನೆ ಇದೆ. ಎಂಬತ್ತೊಂದರಲ್ಲಿ ಅಪ್ಪಂದಿರೇ. ಮೂರು ಮನೆಯವರು ಮಾತ್ರ ಮಕ್ಕಳ ಹೆಸರು ಮೇಲೆ ಬರೆದಿದ್ರು. ಉಳಿದದ್ದರ ಜೊತೆ ತಾಳೆಯಾಗಲ್ಲ ಅಂತ ವಾಪಸ್ ಕಳಿಸಿದೀವಿ."

"ನಿಮ್ಮನೇಲಿ?" ಎಂದಳು ಹೆಂಡತಿ.

"ನಮ್ಮೆಜಮಾನ್ರು ಎರಡು ವರ್ಷದಿಂದ ಒಂದನೇ ಕ್ಲಾಸು. ಲೋಟ ತೊಳೆಯೋದು ಇನ್ನೂ ಬಂದಿಲ್ಲ."

ತಪಾಸಣೆ ಶುರುವಾಯಿತು. ಒಂದೇ ಕೂಗಿಗೆ ಏಳಬಾರದೆಂದು ಪರಿಶೀಲಕರು ರಾತ್ರಿಯೇ ನಿರ್ಧರಿಸಿ ಮಲಗಿದ್ದರು. ಆದರೆ ದೊಡ್ಡವಳು "ಅಪ್ಪಾ" ಎಂದು ಬಾಯಿ ತೆರೆಯುವ ಮೊದಲೇ ಕಾಲುಗಳು ನೆಲದ ಮೇಲಿದ್ದವು. ಹಾಸಿಗೆ ಮಡಿಸಬಾರದೆಂದುಕೊಂಡು ಕಿಟಕಿಯತ್ತ ನೋಡುತ್ತ ನಿಂತರು. ತಿರುಗಿ ನೋಡುವಷ್ಟರಲ್ಲಿ ಕೈಗಳು ಮಡಿಸಿ ಮುಗಿಸಿದ್ದವು, ಮೂಲೆಗಳೂ ಸರಿಯಾಗಿದ್ದವು. ಹಲ್ಲುಜ್ಜುವಾಗ ಅಧಿಕಾರಿ ಗಡಿಯಾರ ಹಿಡಿದು ನಿಂತರು. ಮೂವತ್ತು ಸೆಕೆಂಡಿಗೆ ನಿಲ್ಲಿಸಬೇಕೆಂದರೆ ಬಾಯಿ ಒಪ್ಪಲಿಲ್ಲ, ಪಕ್ಕದಲ್ಲಿ ಚಿಕ್ಕವನು ಬೇರೆ ಗಟ್ಟಿಯಾಗಿ ಎಣಿಸುತ್ತಿದ್ದ.

ಉಳಿದದ್ದು ಚಪ್ಪಲಿ. ಹೆಂಡತಿ ಬ್ರೆಡ್ಡು ತರಲು ಅವರನ್ನು ಬೇಕೆಂದೇ ಅಂಗಡಿಗೆ ಕಳಿಸಿದಳು. ಹಿಂದಿರುಗಿದವರು ಬಾಗಿಲಲ್ಲಿ ಒಂದು ಚಪ್ಪಲಿಯನ್ನು ಒಂದು ಕಡೆಗೂ ಇನ್ನೊಂದನ್ನು ಇನ್ನೊಂದು ಕಡೆಗೂ ಎಸೆದರು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಪರಿಶೀಲಕರು ಮೂರು ಹೆಜ್ಜೆ ಒಳಗೆ ಬಂದರು. ನಾಲ್ಕನೆಯ ಹೆಜ್ಜೆ ಬರಲಿಲ್ಲ. ಬೆನ್ನಲ್ಲಿ ಏನೋ ತುರಿಕೆಯಾದಂತೆ ಮೈ ಕೊಡವಿ, ಹಿಂದೆ ಹೋಗಿ ಎರಡನ್ನೂ ಜೋಡಿಸಿ, ಕೈ ತೊಳೆದು, ಚೀಲವನ್ನು ಮೊಳೆಗೆ ಹಾಕಿದರು.

"ತಪ್ಪನ್ನ ತಾನೇ ತಿದ್ದಿಕೊಂಡ್ರು. ಇದಕ್ಕೆ ಇನ್ನೂ ಹೆಚ್ಚು ಬೆಲೆ" ಎಂದು ಅಧಿಕಾರಿ ಸರಿಗುರುತು ಹಾಕಿದರು. ದೊಡ್ಡವಳ ಮುಖ ಅರಳಿತು. ಹೆಂಡತಿಯ ಮುಖ ಬಾಡಿತು.

ಮಧ್ಯಾಹ್ನದ ಊಟಕ್ಕೆ ಬೀನ್ಸಿತ್ತು. ಬೇಕೆಂದೇ ಜಾಸ್ತಿ ಬಡಿಸಲಾಗಿತ್ತು. ಪರಿಶೀಲಕರು ಒಂದೊಂದೇ ಬೀನ್ಸನ್ನು ದುಃಖದಿಂದ ನೋಡಿ ಒಂದೊಂದೇ ತಿಂದರು. ಕೊನೆಯದು ಮುಗಿದಾಗ ಅಧಿಕಾರಿಯ ಹಾಳೆಯಲ್ಲಿ ಹನ್ನೊಂದು ಸರಿಗುರುತುಗಳಿದ್ದವು.

"ಇನ್ನೊಂದೇ ಉಳಿದಿರೋದು" ಎಂದರು ಅಧಿಕಾರಿ. "ಹನ್ನೆರಡನೇದು, ನಿಜ ಹೇಳೋದು. ಇದಕ್ಕೆ ನಾವು ಸುಲಭದ ಪ್ರಶ್ನೆನೇ ಕೇಳ್ತೀವಿ. ಇವತ್ತು ಬೆಳಿಗ್ಗೆ ಹಲ್ಲುಜ್ಜಿದ್ರಾ?"

ಪರಿಶೀಲಕರು ಮಗಳನ್ನು ನೋಡಿದರು. ಅವಳು ಬೆರಳು ಹೆಣೆದುಕೊಂಡು, ಬಾಯಲ್ಲೇ 'ಹೌದು' ಎಂದು ಸದ್ದಿಲ್ಲದೆ ಹೇಳಿಕೊಡುತ್ತಿದ್ದಳು.

"ಇಲ್ಲ" ಎಂದರು ಪರಿಶೀಲಕರು.

"ಉಜ್ಜಿದ್ರು" ಎಂದ ಚಿಕ್ಕವನು. "ನಾನು ನೂರಿಪ್ಪತ್ತು ಎಣಿಸ್ದೆ."

"ನಾನೂ ಅಲ್ಲೇ ಇದ್ದೆನಲ್ಲ" ಎಂದರು ಅಧಿಕಾರಿ. "ಇನ್ನೊಂದು ಸಲ ಕೇಳ್ತೀನಿ. ಯೋಚನೆ ಮಾಡಿ ಹೇಳಿ. ಉಜ್ಜಿದ್ರಾ?"

"ಇಲ್ಲ ಮೇಡಂ. ಇವತ್ತು ಅಂತಲ್ಲ, ಈ ವಾರವೇ ಉಜ್ಜಿಲ್ಲ."

ಅಧಿಕಾರಿ ಅವರನ್ನು ಕನ್ನಡಕದ ಮೇಲಿನಿಂದ ನೋಡಿದರು. ಎಂಬತ್ತೊಂದು ಅಪ್ಪಂದಿರನ್ನು ನೋಡಿದ ಕಣ್ಣು ಅದು. ನಿಧಾನವಾಗಿ ಒಂದು ತಪ್ಪುಗುರುತು ಹಾಕಿ, ಫೈಲಿನಿಂದ ಮೊಹರು ತೆಗೆದು ಒತ್ತಿದರು.

"ಹನ್ನೊಂದು. ವಿದ್ಯಾರ್ಥಿಗೆ ನಿಜ ಹೇಳೋ ಅಭ್ಯಾಸ ಬಂದಿಲ್ಲ. ಅದೇ ತರಗತಿಯಲ್ಲಿ ಉಳಿಸಿದೆ. ಅನುಮತಿ ಇನ್ನೊಂದು ವರ್ಷ ಮುಂದುವರಿಯುತ್ತೆ. ಟೀಚರುಗಳು ಇವರೇ ಇರ್ತಾರೆ, ಮನೇಲೇ." ಬಾಗಿಲ ಹತ್ತಿರ ಹೋಗಿ ನಿಂತು, "ಎಲ್ಲ ಮನೇಲೂ ಹನ್ನೊಂದೇ ಬರುತ್ತೆ" ಎಂದು ಸೇರಿಸಿದರು. "ನಿಜ ಹೇಳೋದು ಅಪ್ಪಂದಿರಿಗೆ ಯಾಕೋ ಬರೋದೇ ಇಲ್ಲ. ಪಠ್ಯಕ್ರಮವನ್ನೇ ಸ್ವಲ್ಪ ಸುಲಭ ಮಾಡ್ಬೇಕು ಅಂತ ಮೇಲಕ್ಕೆ ಬರೆದಿದೀನಿ."

ಅವರು ಹೋದ ಮೇಲೆ ಹೆಂಡತಿ ಅಂಗಡಿಯ ಕೋಣೆಗೆ ಹೋಗಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡಳು, ಕೈಯಲ್ಲಿ ಗಡಿಯಾರವಿರಲಿಲ್ಲ. ಚಿಕ್ಕವನು ಹನ್ನೆರಡರಿಂದ ಹನ್ನೊಂದನ್ನು ಕಳೆದ. ದೊಡ್ಡವಳಿಗೆ ಅವಮಾನವಾಗಿತ್ತು. ಒಂದು ವರ್ಷ ಕಷ್ಟಪಟ್ಟು ಕಲಿಸಿದ ಟೀಚರಿಗೆ ಆಗುವಂಥದ್ದೇ. ಆಮೇಲೆ ಅವಳು ಅಧಿಕಾರಿ ಬಿಟ್ಟುಹೋದ ಹಾಳೆಯನ್ನು ಎತ್ತಿಕೊಂಡಳು. ಮುಂಭಾಗ ಓದಿದಳು, ಮಗುಚಿ ಹಿಂಭಾಗವನ್ನೂ ಓದಿದಳು. ಅಲ್ಲೂ ಇದ್ದ ಅದೇ ಮೂರು ಸಾಲುಗಳನ್ನು ಬೆರಳಿಟ್ಟು ಓದಿದಳು. ಮೂರನೆಯ ಸಾಲಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

"ಅಪ್ಪಾ, ಬಾ ಇಲ್ಲಿ" ಎಂದಳು.

ಪರಿಶೀಲಕರು ಬಂದು ನಿಂತರು.

"ಸುಳ್ಳು ಹೇಳಿದ್ರೆ ಶಿಕ್ಷೆ ಇದೆ. 'ನಾನು ಸುಳ್ಳು ಹೇಳುವುದಿಲ್ಲ' ಅಂತ ಇಪ್ಪತ್ತು ಸಲ ಬರಿ."

ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚಿಕ್ಕವನ ಪೆನ್ಸಿಲ್ ತೆಗೆದುಕೊಂಡು ಬರೆಯತೊಡಗಿದರು. ದೊಡ್ಡವಳು ಹೆಗಲಿಗೆ ತಾಗಿಕೊಂಡು ನಿಂತು ಸಾಲು ನೋಡುತ್ತಿದ್ದಳು. ಎಂಟನೆಯ ಸಾಲಿಗೆ ಬಂದಾಗ, ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

"ಮುಂದಿನ ವರ್ಷಾನೂ ಹೇಳ್ತೀಯಾ?"

"ಹೇಳ್ತೀನಿ ಟೀಚರ್."

"ಸರಿ" ಎಂದಳು ದೊಡ್ಡವಳು. "ಅಕ್ಷರ ದುಂಡಗೆ ಬರಿ."